ಎಡಗೈ ತೋಳಿನ ಪದಕ

ಜೆನವೀವ್ ಡುಡೆಕ್ ಅವರನ್ನು ಯಾರಾದರೂ ಸಂತಳೆಂದು ಹೊಗಳಿದರೆ ನನಗೆ ಮೈ ಉರಿಯುತ್ತದೆ. ಹೊಗಳುವವರಲ್ಲಿ ಒಬ್ಬರೂ ಅವರ ಜೊತೆ ಒಂದು ವಾರ ಕೆಲಸ ಮಾಡಿದವರಲ್ಲ. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಕೆಳಗಿನ ಹಾಲ್‌ನಲ್ಲಿ ಕಾಫಿ ಡೋನಟ್ ಮುಗಿಸಿ, ಅವರು ಮೇಜು ಒರೆಸುವುದನ್ನು ದೂರದಿಂದ ನೋಡಿ, "ಎಂಥಾ ಜೀವ ಅಂತೀನಿ!" ಎಂದು ಕಾರು ಹತ್ತುವವರು ಅವರೆಲ್ಲ. ದಿನಬೆಳಗಾದರೆ ಒದ್ದಾಡುವವನು ನಾನು.

ಸಂತ ಝೀಟಾ ಶಾಲೆಯಲ್ಲಿ ನಾನು ಆರನೆಯ ತರಗತಿಯ ಮೇಷ್ಟರು. ಅವರು ಶಾಲೆಯ ಕಾರ್ಯದರ್ಶಿ. ಅಂದರೆ ಫೋನ್ ಎತ್ತುವುದು, ತಡವಾಗಿ ಬಂದ ಮಕ್ಕಳನ್ನು ಗದರುವುದು, ಜ್ವರ ಬಂದವರ ಹಣೆ ಮುಟ್ಟಿ ನೋಡುವುದು. ಇಷ್ಟಕ್ಕೇ ನಿಂತಿದ್ದರೆ ನನ್ನ ರಕ್ತದೊತ್ತಡ ನೆಟ್ಟಗಿರುತ್ತಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳ ಮೀನೂಟಕ್ಕೆ ಹಿಟ್ಟು ಕಲಸುವವರು ಅವರೇ, ಕ್ರಿಸ್ಮಸ್ ನಾಟಕದ ಕುರಿಗಳಿಗೆ ಬಾಲ ಹೊಲಿಯುವವರು ಅವರೇ, ನೈಜೀರಿಯಾದಿಂದ ಬಂದು ನಮ್ಮ ಚಳಿಯಲ್ಲಿ ನಡುಗುವ ಫಾದರ್ ಇಫೆಯಾನಿಗೆ ಉಣ್ಣೆಯ ಸಾಕ್ಸ್ ಹೆಣೆಯುವವರೂ ಅವರೇ. ಕಳೆದುಹೋದ ಬೀಗದ ಕೈಗಳನ್ನು ಝೀಟಾ ಹುಡುಕಿಕೊಡುತ್ತಾಳೆ ಎಂದು ನಮ್ಮವರ ನಂಬಿಕೆ. ನಮ್ಮ ಶಾಲೆಯಲ್ಲಿ ಆ ಸಂತಳಿಗೆ ಕೆಲಸವೇ ಇಲ್ಲ. ಎಲ್ಲ ಬೀಗದ ಕೈಗಳೂ ಮಿಸೆಸ್ ಡುಡೆಕ್ ಅವರ ಸೊಂಟದಲ್ಲಿ ನೇತಾಡುತ್ತಿರುತ್ತವೆ. ನನ್ನದೇ ಕೋಣೆಯ ಬೀರು ತೆಗೆಸಲು ನಾನು ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ನಾನೂ ಇದೇ ಶಾಲೆಯಲ್ಲಿ ಓದಿದವನು. ಆಗಲೂ ಅವರು ಅದೇ ಕುರ್ಚಿಯಲ್ಲಿದ್ದರು. ಹಾಗಾಗಿ ನನ್ನ ತಲೆ ನರೆತರೂ ಅವರ ಬಾಯಲ್ಲಿ ನಾನು 'ಲೋ ಟಿಯರ್ನಿ'.

ಕೊಡುವುದರಲ್ಲಿ ಎತ್ತಿದ ಕೈ, ಒಪ್ಪುತ್ತೇನೆ. ಆದರೆ ತೆಗೆದುಕೊಳ್ಳುವುದು? ದೇವರೇ ಗತಿ. ಒಂದು ವರ್ಷ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಧರ್ಮಕೇಂದ್ರದ ಮನೆಮನೆಯಿಂದಲೂ ಅವರಿಗೆ ಊಟ ಹೋಯಿತು. ಸ್ವಲ್ಪ ದಿನಕ್ಕೆ ಎಲ್ಲರ ಪಾತ್ರೆಗಳೂ ವಾಪಸು ಬಂದವು. ಬರಿದಾಗಿ ಅಲ್ಲ, ಒಂದೊಂದರ ತುಂಬಾ ಆಲೂಗಡ್ಡೆ ತುಂಬಿದ ಕಡುಬು, ನಮ್ಮೂರ ಪೋಲಿಷ್ ಮನೆಗಳ ಪಿಯರೋಗಿ. ಊರುಗೋಲಿನ ಮೇಲೆ ನಿಂತು ಲಟ್ಟಿಸಿದ್ದರು ಆ ಪುಣ್ಯಾತ್ಗಿತ್ತಿ! ನನ್ನ ಹೆಂಡತಿ ಕಳಿಸಿದ್ದ ಪಾತ್ರೆಯ ತಳ ಕರಿಕಾಗಿತ್ತು, ಅದನ್ನೂ ಫಳಫಳ ಉಜ್ಜಿ ಕಳಿಸಿದ್ದರು. ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಿದ್ದಳು. "ನಾನು ಪಾತ್ರೆ ತೊಳೆಯಲ್ಲ ಅಂತ ಅರ್ಥ ತಾನೇ?" ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಈರಿ ಸರೋವರದ ಕಡೆಯಿಂದ ಹಿಮ ಸುರಿಯಲು ಶುರುವಾದರೆ ನಮ್ಮೂರಲ್ಲಿ ಎದುರಿನ ಮನೆ ಕಾಣುವುದಿಲ್ಲ. ಅಂಥ ಸಂಜೆಗಳಲ್ಲಿ ನಾನು ಪ್ರತಿ ಸಲವೂ ಅವರ ಪಕ್ಕ ಕಾರು ನಿಲ್ಲಿಸಿ ಗಾಜು ಇಳಿಸುತ್ತಿದ್ದೆ.

"ಹತ್ತಿ ಮಿಸೆಸ್ ಡುಡೆಕ್, ಮನೆಗೆ ಬಿಡ್ತೀನಿ."

"ನಂಗೇನು ಕಾಲಿಲ್ವಾ? ಗಾಜು ಏರಿಸ್ಕೋ, ಶೀತ ಆಗತ್ತೆ ನಿಂಗೆ."

ಮುರಿದ ಸೊಂಟದ ಎಪ್ಪತ್ತರ ಹೆಂಗಸು ಹಿಮದಲ್ಲಿ ಕುಂಟಿಕೊಂಡು ಹೋಗುವುದು, ನಲವತ್ತು ದಾಟಿದ ಗಂಡಸು ಬೆಚ್ಚಗಿನ ಕಾರಿನಲ್ಲಿ ಹಿಂದೆ ಉಳಿಯುವುದು. ನೋಡಿದವರು ನನ್ನನ್ನೇ ಬೈಯುತ್ತಿದ್ದರು.

ಇನ್ನು ದಾನದ ಮರದ ವಿಷಯಕ್ಕೆ ಬರುತ್ತೇನೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ದೇವಾಲಯದ ಬಾಗಿಲ ಬಳಿ ಒಂದು ಮರ ನಿಲ್ಲಿಸಿ ಅದಕ್ಕೆ ಕಾಗದದ ನಕ್ಷತ್ರಗಳನ್ನು ಕಟ್ಟುತ್ತೇವೆ. ಒಂದೊಂದು ನಕ್ಷತ್ರದ ಮೇಲೆ ಒಂದೊಂದು ಬೇಡಿಕೆ: ಹುಡುಗ, ಬೂಟು. ಹುಡುಗಿ, ಚಳಿಗಾಲದ ಕೋಟು. ಹೆಸರಿರುವುದಿಲ್ಲ. ಇದ್ದವರು ಒಂದು ನಕ್ಷತ್ರ ಕಿತ್ತುಕೊಂಡು ಹೋಗಿ, ಆ ವಸ್ತು ಕೊಂಡು ತಂದು ಮರದಡಿ ಇಡುತ್ತಾರೆ. ಯಾವ ನಕ್ಷತ್ರ ಯಾವ ಮನೆಯದೆಂದು ಗೊತ್ತಿರುವುದು ಮಿಸೆಸ್ ಡುಡೆಕ್ ಅವರೊಬ್ಬರಿಗೇ. ಕೊಟ್ಟವರಿಗೆ ಪಡೆದವರು ಗೊತ್ತಿಲ್ಲ, ಪಡೆದವರಿಗೆ ಕೊಟ್ಟವರು ಗೊತ್ತಿಲ್ಲ. ಮರದ ಮೇಲ್ಗಡೆಯ ಕಿಟಕಿಯ ಬಣ್ಣದ ಗಾಜಿನಲ್ಲಿ, ಮನೆಗೆಲಸದವಳಾಗಿದ್ದ ಝೀಟಾ ತನ್ನ ಯಜಮಾನನ ಕೋಟನ್ನು ಬಾಗಿಲಲ್ಲಿ ನಡುಗುತ್ತ ನಿಂತ ಮುದುಕನಿಗೆ ಹೊದಿಸುತ್ತಿದ್ದಾಳೆ. ಎಲ್ಲ ಚೆನ್ನಾಗಿಯೇ ಇತ್ತು.

ಆದರೆ ಮಿಸೆಸ್ ಡುಡೆಕ್ ಸುಮ್ಮನಿರುವ ಪೈಕಿಯೇ? ಮರದಡಿ ಬಂದ ಪ್ರತಿಯೊಂದು ಕೋಟಿನ ಎಡತೋಳಿನ ತುದಿಯಲ್ಲಿ, ಅಸ್ತರಿನ ಒಳಗೆ, ಝೀಟಾಳ ಪುಟ್ಟ ಪದಕವೊಂದನ್ನು ಅವರು ಹೊಲಿದುಬಿಡುತ್ತಿದ್ದರು. ಕಿರುಬೆರಳಿನ ಉಗುರಿನಷ್ಟು ಅಲ್ಯೂಮಿನಿಯಂ ತುಂಡು. ಫಾದರ್ ಕೈಯಲ್ಲಿ ಮಂತ್ರಿಸಿಕೊಂಡು, ಆಫೀಸಿನ ಮೇಜಿನ ಮೇಲೆ ಕೋಟು ಹರಡಿಕೊಂಡು, ಒಂದು ಕಿವಿಯಲ್ಲಿ ಫೋನ್ ಸಿಕ್ಕಿಸಿಕೊಂಡೇ ಹೊಲಿಯುತ್ತಿದ್ದರು. ಯಾಕೆಂದು ನಾನೊಮ್ಮೆ ಕೇಳಿದ್ದೆ.

"ನಮ್ಮಮ್ಮ ನನ್ನ ಕೋಟಿಗೂ ಹೊಲೀತಿದ್ಲು. ಸ್ಕೂಲಿಗೆ ಹೋಗೋವಾಗ ಯಾರೋ ಕೈ ಹಿಡ್ಕೊಂಡಿದಾರೆ ಅನ್ಸತ್ತೆ. ನಿಂಗೆ ಅರ್ಥ ಆಗಲ್ಲ ಬಿಡು, ನೀನು ಐರಿಷ್ ಪೈಕಿ."

ಹೋದ ವರ್ಷ ಅಲ್ಲಿಂದಲೇ ಎಡವಟ್ಟಾಯಿತು.

ನನ್ನ ತರಗತಿಯಲ್ಲಿ ಯದೀರಾ ಸಿಂತ್ರೋನ್ ಎಂಬ ಹುಡುಗಿ ಇದ್ದಳು. ಪೋರ್ಟೊ ರಿಕೋದವಳು. ಚಂಡಮಾರುತ ಮನೆಯ ಚಾವಣಿ ಹೊತ್ತುಕೊಂಡು ಹೋದ ಮೇಲೆ ತಾಯಿ ಮಗಳು ಇಲ್ಲಿಗೆ ಬಂದವರು. ತಾಯಿ ಇವೆಲಿಸ್ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಾಳೆ. ಹುಡುಗಿ ಚುರುಕು, ಬಾಯಿಯೂ ಚುರುಕು. ಕ್ರಿಸ್ಮಸ್ ರಜೆ ಮುಗಿದ ಮೊದಲ ದಿನ ಕಡುನೀಲಿ ಬಣ್ಣದ ಹೊಸ ಕೋಟು ಹಾಕಿಕೊಂಡು ಬಂದಳು. ಅದರ ಜೇಬಿನಲ್ಲಿ ಕೈ ಇಟ್ಟುಕೊಂಡು ಇಡೀ ಮೈದಾನ ಎರಡು ಸುತ್ತು ನಡೆದಳು. ನನಗೆ ಖುಷಿಯಾಗಿತ್ತು.

ಮುಂದಿನ ವಾರ ಅವಳ ಮೈಮೇಲೆ ಕೋಟಿರಲಿಲ್ಲ. ಹೊರಗೆ ಮೂಗು ಉದುರಿಹೋಗುವಂಥ ಚಳಿ. ಇವಳು ಬರೀ ಸಮವಸ್ತ್ರದ ಸ್ವೆಟರ್‌ನಲ್ಲಿ ಬಂದು ತುಟಿ ನೀಲಿ ಮಾಡಿಕೊಂಡು ಕೂತಳು.

"ಕೋಟೆಲ್ಲಮ್ಮ?"

"ಮನೇಲಿದೆ, ಮಿಸ್ಟರ್ ಟಿಯರ್ನಿ."

"ಚಳಿ ಆಗಲ್ವಾ?"

"ಇಲ್ಲಪ್ಪ. ನಾವು ದ್ವೀಪದೋರು, ಹೊಟ್ಟೆಯೊಳಗೇ ಬಿಸಿಲು ಇಟ್ಕೊಂಡು ಬಂದಿದೀವಿ."

ಹಲ್ಲು ಕಟಕಟ ಅನ್ನುತ್ತಿದ್ದಾಗಲೂ ಈ ಮಾತು! ಕೋಟು ಮನೆಯಲ್ಲಿರಲಿಲ್ಲ. ಮೈದಾನದ ಆಚೆ ಮಾತೆ ಮರಿಯಮ್ಮನವರ ಗವಿಯಿದೆ, ಕಲ್ಲು ಜೋಡಿಸಿ ಕಟ್ಟಿದ್ದು. ಹುಡುಗರು ಒದ್ದ ಚೆಂಡು ಅದರೊಳಗೆ ಹೋಗಿತ್ತೆಂದು ತರಲು ಹೋದೆ. ಪ್ರತಿಮೆಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ನೀಟಾಗಿ ಮಡಿಸಿದ ಕಡುನೀಲಿ ಕೋಟು. ಬೆಳಿಗ್ಗೆ ತಾಯಿಯ ಕಣ್ಣೆದುರು ಹಾಕಿಕೊಂಡು ಹೊರಟು, ಇಲ್ಲಿ ಬಿಚ್ಚಿಟ್ಟು, ಸಂಜೆ ಮತ್ತೆ ಹಾಕಿಕೊಂಡು ಹೋಗುತ್ತಿದ್ದಳು. ನಾನು ಅದನ್ನು ಮುಟ್ಟದೆ ಚೆಂಡು ಮಾತ್ರ ತೆಗೆದುಕೊಂಡು ಬಂದೆ. ಏನು ಮಾಡಬೇಕೆಂದೇ ಹೊಳೆಯಲಿಲ್ಲ.

ಕಾರಣ ಅದೇ ಮಧ್ಯಾಹ್ನ ಗೊತ್ತಾಯಿತು. ಕೋಟು ತೂಗುಹಾಕುವ ಕಾರಿಡಾರಿನಲ್ಲಿ ನನ್ನದೇ ತರಗತಿಯ ಗ್ರೇಡಿ ಹ್ಯಾನ್ಲನ್, ಎರಡನೆಯ ತರಗತಿಯ ಪುಟ್ಟ ಹುಡುಗನೊಬ್ಬನ ಎಡತೋಳಿನ ತುದಿಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದ.

"ಸಿಕ್ತು! ಇದೂ ಮರದ ಕೋಟು!"

ಸುತ್ತ ನಿಂತವರು ಹೋ ಎಂದು ನಕ್ಕರು. ಪುಟ್ಟ ಹುಡುಗನಿಗೆ ಏನೂ ತಿಳಿಯದೆ ಅವನೂ ನಕ್ಕ. ನಾನು ಗ್ರೇಡಿಯ ಭುಜ ಹಿಡಿದು ತರಗತಿಯೊಳಗೆ ಎಳೆದುಕೊಂಡು ಹೋದೆ.

"ಯಾರೋ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?"

"ನಮ್ಮಮ್ಮ, ಮಿಸ್ಟರ್. ಗಿಫ್ಟ್ ಸುತ್ತೋಕೆ ಹೋದಾಗ ನೋಡಿದ್ರಂತೆ. ಮಿಸೆಸ್ ಡುಡೆಕ್ ಪ್ರತಿ ಕೋಟಿಗೂ ಒಂದೊಂದು ಪದಕ ಹೊಲೀತಾರೆ, ಎಂಥಾ ಒಳ್ಳೆ ಹೆಂಗಸು ಅಂತ ಊಟಕ್ಕೆ ಕೂತಾಗ ಹೇಳಿದ್ರು. ನಾನೇನು ಕೆಟ್ಟದ್ದು ಹೇಳಿಲ್ಲ. ಇದೆಯೋ ಇಲ್ವೋ ಅಂತ ನೋಡಿದ್ದಷ್ಟೇ."

ಕೇಳಿದಿರಾ? ಹೊಗಳಿಕೆಯಿಂದ ಹುಟ್ಟಿದ ಅನಾಹುತ. ಹೆಸರು ಬರೆಯದ ನಕ್ಷತ್ರ, ಗುಟ್ಟು, ಎಚ್ಚರ, ಎಲ್ಲ ನೀರಿಗೆ ಬಿತ್ತು. ಬಡವರ ಕೋಟುಗಳಿಗೆ ನಮ್ಮ ಸಂತ ಮಹಾತಾಯಿ ತಾವೇ ಮುದ್ರೆ ಒತ್ತಿ ಕಳಿಸಿದ್ದರು!

ಬುಧವಾರ ಇವೆಲಿಸ್ ಕೆಲಸದ ಬಟ್ಟೆಯಲ್ಲೇ ನನ್ನ ಹತ್ತಿರ ಬಂದಳು. "ಮಿಸ್ಟರ್, ಇವಳು ಸರ್ಕಾರಿ ಶಾಲೆಗೆ ಸೇರಿಸು ಅಂತ ಹಟ ಹಿಡಿದಿದಾಳೆ. ಊಟ ಬಿಟ್ಟಿದಾಳೆ. ಏನಾಯ್ತು ಅಂದ್ರೆ ಬಾಯಿ ಬಿಡಲ್ಲ. ಈ ವಾರ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಸೋಮವಾರ ಬಂದು ಬಿಡಿಸ್ಕೊಂಡು ಹೋಗ್ತೀನಿ. ನನ್ನ ಮಗಳಿಗಿಂತ ದೊಡ್ಡದೇನಿದೆ ನಂಗೆ?" ಎಂದಳು. ನಾನು ತಲೆಯಾಡಿಸಿದೆ. ಆ ಹುಡುಗಿ ಹೋಗುವುದನ್ನು ನಾನು ಸಹಿಸಲಾರೆ ಎನ್ನಿಸಿತು.

ನೆಟ್ಟಗೆ ಆಫೀಸಿಗೆ ಹೋದೆ. ಮಿಸೆಸ್ ಡುಡೆಕ್ ಪೆನ್ಸಿಲ್‌ಗಳನ್ನು ಕೆತ್ತುತ್ತ ಕೂತಿದ್ದರು.

"ಆ ಪದಕಗಳನ್ನ ಬಿಚ್ಚಿಹಾಕ್ಬೇಕು," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಗವಿಯಲ್ಲಿಟ್ಟ ಕೋಟಿನ ವಿಷಯವನ್ನೂ ಹೇಳಿದೆ.

ಅವರು ಕೆತ್ತುವುದನ್ನು ನಿಲ್ಲಿಸಲಿಲ್ಲ. "ಮಂತ್ರಿಸಿದ ಪದಕ ಕಣೋ ಅದು. ಕಿತ್ತು ಬಿಸಾಕೋಕೆ ಅದೇನು ಗುಂಡೀನಾ?"

"ಮಕ್ಕಳಿಗೆ ಅದು ಬಡವರ ಗುರುತಾಗಿದೆ ಮಿಸೆಸ್ ಡುಡೆಕ್."

"ಆ ಹ್ಯಾನ್ಲನ್ ಹುಡುಗನ ಕಿವಿ ಹಿಂಡು, ಸರಿಹೋಗತ್ತೆ."

"ಹಿಂಡಿದ್ರೆ ಗೊತ್ತಿಲ್ಲದೋರಿಗೂ ಗೊತ್ತಾಗತ್ತೆ."

"ಮತ್ತೆ ಆ ಹುಡುಗಿಗೇನಂತೆ? ಒಳ್ಳೆ ಕೋಟು, ಬೆಚ್ಚಗಿದೆ. ಯಾರೋ ಪ್ರೀತಿಯಿಂದ ಕೊಟ್ಟಿದ್ದನ್ನ ಇಸ್ಕೊಳ್ಳೋದ್ರಲ್ಲಿ ನಾಚಿಕೆ ಏನಿದೆ?"

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. "ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ? ಜೀವಮಾನದಲ್ಲಿ ಯಾರ ಹತ್ರಾನಾದ್ರೂ ಏನಾದ್ರೂ ಇಸ್ಕೊಂಡಿದೀರಾ ನೀವು? ಊಟ ಕೊಟ್ರೆ ಪಾತ್ರೆ ತುಂಬಿಸಿ ವಾಪಸ್ ಮುಖಕ್ಕೆ ಹಿಡೀತೀರಿ. ಕಾರು ಹತ್ತಿ ಅಂದ್ರೆ ಹಿಮದಲ್ಲಿ ನಡೀತೀರಿ. ಕೊಡೋಳು ನಾನು, ತಗೊಳ್ಳೋರು ನೀವೆಲ್ಲ ಅಂತ. ಆ ಹನ್ನೊಂದು ವರ್ಷದ ಮಗು ದಿನಾ ಬೆಳಿಗ್ಗೆ ಏನು ಹೊತ್ಕೊಂಡು ಬರ್ತಿದೆ ಅಂತ ನಿಮಗೆ ಗೊತ್ತಾಗೋದಾದ್ರೂ ಹೇಗೆ!"

ಫೋನ್ ರಿಂಗಾಯಿತು. ಅವರು ಎತ್ತಲಿಲ್ಲ. ನಾನು ಹುಟ್ಟಿದ ಮೇಲೆ ಆ ಕುರ್ಚಿಯಲ್ಲಿ ಕೂತು ಅವರು ಫೋನ್ ಎತ್ತದೆ ಬಿಟ್ಟದ್ದನ್ನು ಕಂಡಿರಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಮ್ಮನಾಯಿತು. "ಕ್ಲಾಸಿಗೆ ಹೋಗು," ಎಂದರು, ನನ್ನ ಮುಖ ನೋಡದೆ. ಮರುದಿನವಿಡೀ ನನ್ನೊಡನೆ ಮಾತಿಲ್ಲ. ಬೀರುವಿನ ಬೀಗದ ಕೈಯನ್ನು ಮೇಜಿನ ತುದಿಗೆ ತಳ್ಳಿದರಷ್ಟೇ.

ಶುಕ್ರವಾರ ಬೆಳಿಗ್ಗೆ ಇಡೀ ಶಾಲೆಗೆ ಬಲಿಪೂಜೆ. ಶಾಲೆಯ ಕಾರಿಡಾರಿನಿಂದಲೇ ದೇವಾಲಯಕ್ಕೆ ಬಾಗಿಲಿರುವುದರಿಂದ ಯಾರೂ ಕೋಟು ಹಾಕಿಕೊಳ್ಳುವುದಿಲ್ಲ. ಎಲ್ಲ ಕೊಕ್ಕೆಯ ಮೇಲೇ ಇರುತ್ತವೆ. ನಾನು ಮಕ್ಕಳನ್ನು ಸಾಲಾಗಿ ಕೂರಿಸಿ ಮೊದಲ ವಾಚನಕ್ಕೆ ಕಿವಿಗೊಡುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದು ಎಳೆದರು.

"ಎದ್ದು ಬಾ," ಎಂದು ಪಿಸುಗುಟ್ಟಿದರು ಮಿಸೆಸ್ ಡುಡೆಕ್. "ಹೊಲಿಗೆ ಬರತ್ತೇನೋ ನಿಂಗೆ?"

"ಗುಂಡಿ ಹೊಲೀತೀನಿ."

"ಅಷ್ಟೇ ಸಾಕು."

ಕಾರಿಡಾರಿನಲ್ಲಿ ಒಂದು ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆ. ಅದರ ತುಂಬಾ ಪದಕ. ಏಪ್ರಿಲ್‌ನಲ್ಲಿ ಝೀಟಾಳ ಹಬ್ಬದ ದಿನ ಎಲ್ಲ ಮಕ್ಕಳಿಗೂ ಹಂಚಲೆಂದು ತರಿಸಿಟ್ಟಿದ್ದವು. ನನಗೆ ಆಗ ತಿಳಿಯಿತು.

"ಎಲ್ಲಾ ಕೋಟಿಗೂ? ತಲೆ ಕೆಟ್ಟಿದೆಯಾ ನಿಮಗೆ? ಬಿಚ್ಚಿ ಅಂದ್ರೆ..."

"ಮಂತ್ರಿಸಿದ್ದನ್ನ ಬಿಚ್ಚಲ್ಲ ಅಂದ್ನಲ್ಲ. ಮಾತು ಕಡಿಮೆ ಮಾಡಿ ಸೂಜಿ ತಗೋ. ಇವತ್ತು ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ ಅಂತ ಫಾದರ್‌ಗೆ ಹೇಳಿದೀನಿ."

ಫಾದರ್ ಇಫೆಯಾನಿ ಮಾತಿಗೆ ನಿಂತರೆ ಊಟ ನಿದ್ರೆ ಮರೆಯುವ ಜನ. ಮಕ್ಕಳು ತೂಕಡಿಸುತ್ತಾರೆಂದು ಅವರ ಪ್ರಬೋಧನೆಗೆ ಕಡಿವಾಣ ಹಾಕಿದ್ದವರು ಮಿಸೆಸ್ ಡುಡೆಕ್ ಅವರೇ; ಮೂರನೆಯ ಸಾಲಿನಿಂದ ಅವರೊಮ್ಮೆ ಕೆಮ್ಮಿದರೆ ಫಾದರ್ ಆಮೆನ್ ಅನ್ನಬೇಕು. ಅಂದು ಕೆಮ್ಮುವವರೇ ಇರಲಿಲ್ಲ. ಫಾದರ್ ನೋಹನ ಪ್ರವಾಹದಿಂದ ಶುರುಮಾಡಿದರು. ಪ್ರಾಣಿಗಳು ಜೋಡಿಜೋಡಿಯಾಗಿ ನಾವೆ ಹತ್ತುತ್ತಿದ್ದಂತೆ ನಾವು ಒಂದೊಂದಾಗಿ ತೋಳು ಹೊಲಿದೆವು.

ಹೇಳಲಾರದಷ್ಟು ಹಿಂಸೆ. ಆ ಜಾರುವ ಬಟ್ಟೆಯಲ್ಲಿ ಸೂಜಿ ನಿಲ್ಲುವುದಿಲ್ಲ. ದಪ್ಪ ಬಟ್ಟೆಯಲ್ಲಿ ತೂರುವುದಿಲ್ಲ. ನನ್ನ ಹೆಬ್ಬೆರಳು ಜರಡಿಯಾಯಿತು. ಒಬ್ಬ ಹುಡುಗನ ತೋಳಿನಲ್ಲಿ ಅಂಟಂಟು ಮಿಠಾಯಿ, ಇನ್ನೊಬ್ಬನ ತೋಳಿನಲ್ಲಿ ಹೋದ ವರ್ಷದ ಮೂಗಿನ ಇತಿಹಾಸ. ನನಗೆ ಸಿಟ್ಟು ನೆತ್ತಿಗೇರಿತ್ತು. ಇದೇನು ಮೇಷ್ಟರು ಮಾಡುವ ಕೆಲಸವೇ? ಪ್ರಿನ್ಸಿಪಾಲರು ಕಂಡರೆ ಏನು ಹೇಳಲಿ? ಮಿಸೆಸ್ ಡುಡೆಕ್ ಮಾತ್ರ ಒಂದು ಕೋಟು ಮುಗಿಸಿ ಇನ್ನೊಂದಕ್ಕೆ ಹೋಗುತ್ತ, ನಡುನಡುವೆ ನನ್ನ ಕೆಲಸ ತಪಾಸಣೆ ಮಾಡುತ್ತಿದ್ದರು.

"ಥೂ, ಇದೇನೋ ಇದು? ಕೋಳಿ ಕೆರೆದಂಗಿದೆ."

"ಗುಂಡಿ ಹೊಲೀತೀನಿ ಅಂದಿದ್ದೆ."

"ಪಾಪ, ಆ ಗುಂಡಿಗಳು."

ಪರಮಪ್ರಸಾದದ ಹಾಡು ಕೇಳಿಸುವ ಹೊತ್ತಿಗೆ ಇನ್ನೂ ಒಂದು ಸಾಲು ಬಾಕಿಯಿತ್ತು. ಕೊನೆಯ ಹಾಡಿನ ಕೊನೆಯ ಚರಣಕ್ಕೆ ಕೊನೆಯ ದಾರ ಹಲ್ಲಲ್ಲಿ ಕಡಿದೆವು. ಅವರು ಪೆಟ್ಟಿಗೆಯನ್ನು ಸ್ಟೂಲಿನಡಿ ಒದ್ದು ಏನೂ ಆಗದವರಂತೆ ಆಫೀಸಿಗೆ ನಡೆದರು.

ಮಧ್ಯಾಹ್ನ ಮಕ್ಕಳು ಮೈದಾನಕ್ಕೆ ಹೊರಡಲು ಕೋಟು ಹಾಕಿಕೊಂಡರು. ಗ್ರೇಡಿ ಅಭ್ಯಾಸಬಲದಿಂದ ಪಕ್ಕದವನ ತೋಳು ಒತ್ತಿದ.

"ಸಿಕ್ತು! ನಿಂದೂ... ಅಯ್ಯೋ, ಇವನದ್ರಲ್ಲೂ ಇದೆ!"

ಅವನ ತೋಳು ಇವನು, ಇವನ ತೋಳು ಅವನು ಒತ್ತಿದ್ದೇ ಒತ್ತಿದ್ದು. ಕಾರಿಡಾರಿನ ತುಂಬಾ ಗದ್ದಲ. ಯದೀರಾ ಸ್ವೆಟರ್‌ನಲ್ಲಿ ಗೋಡೆಗೊರಗಿ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಬಂದು ಗ್ರೇಡಿಯ ಎಡತೋಳು ಹಿಡಿದು ತುದಿಯನ್ನು ಎರಡು ಬೆರಳಲ್ಲಿ ಒತ್ತಿದಳು.

"ಸಿಕ್ತು," ಎಂದಳು.

ಗ್ರೇಡಿಯ ಕಿವಿ ಕೆಂಪಾಯಿತು. ನನಗೆ ಕುಣಿಯಬೇಕೆನಿಸಿತು. ಇನ್ನೇನು ಓಡಿಹೋಗಿ ಗವಿಯಿಂದ ಕೋಟು ತರುತ್ತಾಳೆ ಎಂದುಕೊಂಡೆ. ಅವಳು ತರಲಿಲ್ಲ. ಆಟದ ಹೊತ್ತು ಪೂರಾ ಸ್ವೆಟರ್‌ನಲ್ಲೇ ನಿಂತಿದ್ದಳು. ನನ್ನ ಹೆಬ್ಬೆರಳಿನ ರಕ್ತಕ್ಕೆ ಬೆಲೆಯೇ ಇಲ್ಲವೇ ಎಂದು ಕಿರುಚಿಬಿಡಬೇಕು ಅನ್ನಿಸಿತು.

ಸಂಜೆಯಿಂದ ಫೋನ್‌ಗಳು. ಒಬ್ಬ ತಾಯಿಗೆ ಕೋಟಿನ ಅಸ್ತರು ಸುಕ್ಕಾಗಿದೆ. ಇನ್ನೊಬ್ಬರು ಲೂಥರನ್ ಸಭೆಯವರು, ಅವರಿಗೆ ಪದಕ ಗಿದಕ ಆಗದು. ಪ್ರಿನ್ಸಿಪಾಲರು ತಲೆ ಹಿಡಿದುಕೊಂಡು, "ಜೆನವೀವ್, ಯಾಕೆ ಮಾಡಿದ್ರಿ ಇದನ್ನ? ಒಂದು ಕಾರಣ ಹೇಳಿ," ಎಂದರು. ಇವರು ಕಾರಣ ಹೇಳಿದ್ದರೆ ಯದೀರಾಳ ವಿಷಯ ಹೊರಗೆ ಬರುತ್ತಿತ್ತು. "ಹಬ್ಬದ ಪದಕ, ಬೇಗ ಹಂಚಿದೆ. ವಯಸ್ಸಾಯ್ತಲ್ಲ, ತಿಂಗಳು ನೆನಪಿರಲ್ಲ," ಎಂದರು. ಅರವತ್ತು ವರ್ಷದ ಹಿಂದಿನ ಮಳೆ ಯಾವ ವಾರ ಬಂತೆಂದು ಹೇಳುವ ಹೆಂಗಸು! ಅರಳುಮರಳು ಎಂದು ಹೆಸರು ಕೆಡಿಸಿಕೊಂಡರು, ಬಾಯಿ ಬಿಡಲಿಲ್ಲ. ಆ ಕ್ಷಣ ನನಗೆ ಅವರ ಮೇಲೆ ಪ್ರೀತಿ ಬಂದದ್ದು ಸುಳ್ಳಲ್ಲ. ಐದು ನಿಮಿಷಕ್ಕೆ ಹೋಯಿತು; ಸೂಜಿ ವಾಪಸು ಕೊಟ್ಟಿಲ್ಲವೆಂದು ನನ್ನನ್ನು ಎಲ್ಲರೆದುರು ಬೈದರು.

ಸೋಮವಾರ ಬೆಳಿಗ್ಗೆ ಬೀಗದ ಕೈಗಾಗಿ ನಾನು ಆಫೀಸಿನಲ್ಲಿ ನಿಂತಿದ್ದಾಗ ಇವೆಲಿಸ್ ಮತ್ತು ಯದೀರಾ ಒಳಗೆ ಬಂದರು. ಹುಡುಗಿಯ ಮೈಮೇಲೆ ಸ್ವೆಟರ್. ಕೋಟು ಕೈಮೇಲೆ.

"ಇದನ್ನ ವಾಪಸ್ ತಗೊಳ್ಳಿ ಮಿಸೆಸ್ ಡುಡೆಕ್," ಎಂದಳು ಇವೆಲಿಸ್. "ನಿನ್ನೆ ಎಲ್ಲಾ ಹೇಳಿದ್ಲು. ತಪ್ಪು ತಿಳ್ಕೋಬೇಡಿ. ಇವಳನ್ನ ಬಿಡಿಸ್ಕೊಂಡು ಹೋಗೋಕೆ ಬಂದೆ."

"ಯಾಕಮ್ಮ ವಾಪಸ್ಸು?" ಮಿಸೆಸ್ ಡುಡೆಕ್ ಹುಡುಗಿಯ ಕಡೆ ತಿರುಗಿದರು. "ಈಗ ಎಲ್ಲರ ಕೋಟಲ್ಲೂ ಇದೆ. ಯಾರದ್ದು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತಲ್ಲ," ಎಂದಳು ಯದೀರಾ.

ಹುಡುಗಿ ಮೇಜು ಬಳಸಿ ಹೋಗಿ, ಹಿಂದೆ ಕೊಕ್ಕೆಗೆ ನೇತುಹಾಕಿದ್ದ ಹಳೆಯ ಕಂದು ಕೋಟಿನ ಎಡತೋಳನ್ನು ಒತ್ತಿ ನೋಡಿದಳು.

"ಇದು ನಿಮ್ಮದು ತಾನೇ? ಇದ್ರಲ್ಲಿ ಇಲ್ಲ."

"ನಂಗೆ ಬೇಡ ಮಗಾ."

"ಎಲ್ಲರಿಗೂ ಇದೆ ಅಂದ್ರಿ."

"ಎಲ್ಲ ಅಂದ್ರೆ ಮಕ್ಕಳಿಗೆ. ನಂಗ್ಯಾಕೆ? ನಾನು ಚೆನ್ನಾಗೇ ಇದೀನಿ, ನಂಗೇನೂ ಬೇಕಾಗಿಲ್ಲ."

"ನಾನೂ ಅದೇ ಹೇಳಿದ್ದು," ಎಂದಳು ಹುಡುಗಿ. "ನಂಗೆ ಚಳಿ ಆಗಲ್ಲ ಅಂತ."

ಯದೀರಾ ಕತ್ತಿನ ಸರ ಎಳೆದು ಅದರಲ್ಲಿದ್ದ ಒಂದೇ ಒಂದು ಪದಕವನ್ನು ಬಿಡಿಸಿದಳು. ಸವೆದು ನುಣುಪಾಗಿದ್ದ ಬೆಳ್ಳಿ.

"ಯದೀರಾ! ಅದು ಅಜ್ಜೀದು!" ಎಂದಳು ತಾಯಿ.

"ಗೊತ್ತಮ್ಮ. ಅಜ್ಜಿ ಏನೂ ಅನ್ನಲ್ಲ." ಹುಡುಗಿ ಮಿಸೆಸ್ ಡುಡೆಕ್ ಅವರನ್ನೇ ನೋಡುತ್ತಿದ್ದಳು. "ಇದು ನಮ್ಮೂರ ಮರಿಯಮ್ಮ ಮಾತೆ. ನಾನು ಕೊಡ್ತೀನಿ, ನೀವು ಇಸ್ಕೊಳ್ಳಿ. ವಾಪಸ್ ಏನೂ ಕೊಡ್ಬಾರ್ದು. ನೀವು ಹಾಕ್ಕೊಂಡ್ರೆ ನಾನೂ ಹಾಕ್ಕೋತೀನಿ."

ಮಿಸೆಸ್ ಡುಡೆಕ್ ಅವರ ಮುಖವನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಬೇಡ ಎನ್ನಲು ಅದಕ್ಕೆ ನೂರು ದಾರಿ ಗೊತ್ತಿತ್ತು. ಬೆಳ್ಳಿ ಎನ್ನಬಹುದು, ಅಜ್ಜಿಯದು ಎನ್ನಬಹುದು, ಗದರಬಹುದು, ಫೋನ್ ಎತ್ತಿಕೊಳ್ಳಬಹುದು. ಅವರು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ಹೆದರಿಕೆಯಿತ್ತು. ಮೂಳೆ ಮುರಿದ ದಿನವೂ ನಾನು ಕಾಣದ ಹೆದರಿಕೆ. ನಾನು ಸಹಾಯಕ್ಕೆ ಹೋಗಲಿಲ್ಲ.

ಅವರು ಡ್ರಾಯರ್ ತೆಗೆದು ಸೂಜಿದಾರ ಮೇಜಿನ ಮೇಲಿಟ್ಟರು. ಕಂದು ಕೋಟನ್ನು ಕೊಕ್ಕೆಯಿಂದ ತೆಗೆದು ಹುಡುಗಿಯ ಮುಂದೆ ಹರಡಿ, ತೋಳಿನ ತುದಿಯನ್ನು ತಾವೇ ಬಿಗಿಯಾಗಿ ಹಿಡಿದುಕೊಂಡರು.

"ಹೊಲಿಗೆ ಹತ್ತಿರ ಹತ್ತಿರ ಹಾಕು," ಎಂದರು. "ಈ ಟಿಯರ್ನಿ ಥರ ಅಲ್ಲ."

ಹುಡುಗಿ ನಾಲಿಗೆ ಕಚ್ಚಿಕೊಂಡು ಹೊಲಿದಳು. ಇವೆಲಿಸ್ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತ್ತು, ಮುಚ್ಚಿಟ್ಟು ಏನಾಗಬೇಕು? ದಾರ ಕಡಿದ ಮೇಲೆ ಮಿಸೆಸ್ ಡುಡೆಕ್ ಎದ್ದು ನಿಂತು ಆಫೀಸಿನೊಳಗೇ ಆ ಕೋಟು ಹಾಕಿಕೊಂಡರು. ಎದುರಿಗೆ ಯದೀರಾ ತನ್ನ ನೀಲಿ ಕೋಟು ಹಾಕಿಕೊಂಡಳು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಒತ್ತಿ ನೋಡಿದರು.

"ಥ್ಯಾಂಕ್ಸ್ ಮಗಾ," ಎಂದರು ಮಿಸೆಸ್ ಡುಡೆಕ್. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ಗದರಿದರು, "ಏನು ನಿಂತು ನೋಡ್ತಿದೀರಿ? ಬೆಲ್ ಆಯ್ತು. ನಡಿ ಕ್ಲಾಸಿಗೆ. ಟಿಯರ್ನಿ, ನೀನೂ ನಡಿ."

ಯದೀರಾ ಓಡಿದಳು. ಶಾಲೆ ಬಿಡಿಸುವ ಮಾತನ್ನು ಇವೆಲಿಸ್ ಮತ್ತೆ ಎತ್ತಲಿಲ್ಲ.

ಅಂದು ಸಂಜೆ ಸರೋವರದ ಕಡೆಯಿಂದ ಹಿಮ ಸುರಿಯಿತು. ನಾನು ಎಂದಿನಂತೆ ಅವರ ಪಕ್ಕ ಕಾರು ನಿಲ್ಲಿಸಿ ಗಾಜು ಇಳಿಸಿದೆ. ಎಂದಿನ ಬೈಗುಳಕ್ಕೆ ಕಾದೆ. ಮಿಸೆಸ್ ಡುಡೆಕ್ ಎಡತೋಳಿನ ತುದಿಯನ್ನು ಹಿಡಿದುಕೊಂಡು ಒಂದು ಗಳಿಗೆ ಹಿಮದಲ್ಲಿ ನಿಂತರು. ಆಮೇಲೆ ಬಾಗಿಲು ತೆಗೆದು ಹತ್ತಿ ಕೂತು, ನಾನು ಕಾರು ಓಡಿಸುವ ರೀತಿಯನ್ನು ಮನೆ ಮುಟ್ಟುವವರೆಗೂ ಬೈದರು.